ಎಡಗೈಯ ಹೊಸೆತ

ದೀಪಾವಳಿ ಬಂತೆಂದರೆ ಊರಿಗೆಲ್ಲ ಸಡಗರ, ನೇಕಾರರ ಬೀದಿಗೆ ಮಾತ್ರ ಕುತ್ತಿಗೆ ನೋವು. ಕೊಯಮತ್ತೂರಿನ ದೊಡ್ಡ ಅಂಗಡಿಯಲ್ಲಿ ಜಮಖಾನದ ಮೇಲೆ ಕೂತು ‘ಇದು ಬೇಡ, ಆ ಬಣ್ಣದ್ದು ತೆಗೆಯಿರಿ’ ಎನ್ನುವ ಮಹಾತಾಯಂದಿರಿಗೆ ಇದೆಲ್ಲ ಗೊತ್ತಿರುವುದಿಲ್ಲ. ಪಾಪ, ಅವರ ತಪ್ಪೂ ಅಲ್ಲ. ಸೂಲೂರಿನಿಂದ ಸ್ವಲ್ಪ ಒಳಗಿರುವ ಆ ಬೀದಿಯಲ್ಲಿ ದೀಪಾವಳಿ ಬರುವ ಐಪ್ಪಸಿ ತಿಂಗಳು ಹುಟ್ಟಿತೆಂದರೆ ಸಾಕು, ಗಂಡಸರು ಮಗ್ಗದ ಗುಂಡಿಗೆ ಕಾಲಿಳಿಸಿದವರು ಊಟಕ್ಕೆ ಮಾತ್ರ ಮೇಲೆ ಬರುತ್ತಿದ್ದರು. ಹೆಂಗಸರು ಒಲೆಯ ಮುಂದೆ ಒಂದು ಕಾಲು, ರಾಟೆಯ ಮುಂದೆ ಒಂದು ಕಾಲು. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು, ಸುಸ್ತಾದಾಗ ಎರಡೂ ಇಲ್ಲ, ಬರೀ ‘ಹೂಂ’.

ಎಂಬತ್ತೈದನೆಯ ಇಸವಿಯಲ್ಲಿ ಮಳೆ ಬೇರೆ ಹಟ ಹಿಡಿದು ಕೂತಿತ್ತು. ಮಗ್ಗಕ್ಕೆ ಏರಬೇಕಾದ ಉದ್ದೆಳೆಗಳನ್ನು ಆ ಬೀದಿಯವರು ಪಾವು ಎನ್ನುತ್ತಾರೆ. ಪಾವನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಬಳಿದು, ಬಿಸಿಲಿಗೆ ಒಣಗಿಸಬೇಕು. ಬಿಸಿಲೇ ಇಲ್ಲದ ಮೇಲೆ ಒಣಗಿಸುವುದೇನು ಬಂತು! ವಾರಗಟ್ಟಲೆ ಎಲ್ಲರೂ ಆಕಾಶ ನೋಡುತ್ತ ಕೂತರು. ಹಬ್ಬ ಹತ್ತಿರ ಬಂದಾಗ ಮಳೆ ಬಿಟ್ಟಿತು, ಎಲ್ಲ ಮನೆಯ ಪಾವುಗಳೂ ಒಟ್ಟಿಗೇ ಒಣಗಿದವು. ಎಲ್ಲ ಮನೆಯವರೂ ಒಟ್ಟಿಗೇ ಕೂಗಿದರು, ‘ಶಿವಗಾಮಿ ಎಲ್ಲಿ?’

ಶಿವಗಾಮಿ ಬೀದಿಯ ಕೊನೆಯ ಮನೆಯವಳು. ಹದಿನಾಲ್ಕು ತುಂಬಿತ್ತು, ಆದರೆ ಮುಖ ನೋಡಿದರೆ ಯಾರೋ ಸಂಸಾರಸ್ಥೆ ಅನ್ನಿಸಬೇಕು, ಅಂಥ ದಣಿವು. ತಾಯಿ ತೀರಿಕೊಂಡಿದ್ದಳು. ಅಪ್ಪ ಮಿಲ್ಲಿನ ಕೆಲಸಕ್ಕೆಂದು ಈರೋಡಿಗೆ ಹೋದವನು ಅಲ್ಲೇ ಇನ್ನೊಂದು ಮನೆ ಹೂಡಿದ. ಸಾಕಿದವಳು ಅಜ್ಜಿ ಪಳನಿಯಮ್ಮ. ಐದನೆಯ ತರಗತಿಗೆ ಶಾಲೆ ಮುಗಿಯಿತು. ಆಮೇಲೆ ಇರುವುದೊಂದೇ ಕೆಲಸ, ಎಳೆ ಹೊಸೆಯುವುದು.

ಆ ಕೆಲಸವನ್ನು ಸ್ವಲ್ಪ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನ ಕತೆ ಅರ್ಥವಾಗುವುದಿಲ್ಲ. ಮಗ್ಗದಲ್ಲಿ ಒಂದು ಪಾವು ಮುಗಿದಾಗ ಅದನ್ನು ಪೂರ್ತಿ ಬಿಚ್ಚಿ ಎಸೆಯುವುದಿಲ್ಲ. ಹಳೆಯ ಎಳೆಗಳ ತುದಿಯನ್ನು ಬಾಚಣಿಗೆಯಂಥ ಹಣಿಗೆಯಲ್ಲೇ ಬಿಟ್ಟಿರುತ್ತಾರೆ. ಹೊಸ ಪಾವಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಸೇರಿಸಬೇಕು. ಗಂಟು ಹಾಕಿದರೆ ಹಣಿಗೆಯ ಸಂದಿಯಲ್ಲಿ ತೂರುವುದಿಲ್ಲ. ಅದಕ್ಕೇ ಬೆರಳಿಗೆ ಒಲೆಯ ಬೂದಿ ಮುಟ್ಟಿಸಿಕೊಂಡು, ಎರಡು ತುದಿ ಜೋಡಿಸಿ, ಬತ್ತಿ ಹೊಸೆದ ಹಾಗೆ ಹೊಸೆದು, ಮಡಚಿ, ಮತ್ತೊಮ್ಮೆ ಹೊಸೆಯಬೇಕು. ಒಂದು ಸೀರೆಯ ಅಗಲಕ್ಕೆ ಸಾವಿರಗಟ್ಟಲೆ ಎಳೆ. ಇಬ್ಬರು ಹುಡುಗಿಯರು ಎರಡು ಅಂಚಿನಲ್ಲಿ ಕೂತು, ಹೊಸೆಯುತ್ತ ಹೊಸೆಯುತ್ತ ನಡುವಿಗೆ ಬರುತ್ತಾರೆ. ಬೆನ್ನು ಬಗ್ಗಿದ್ದು ಬಗ್ಗಿದ ಹಾಗೇ ಇರುತ್ತದೆ.

ಶಿವಗಾಮಿ ಎಡಚಿ. ಚಿಕ್ಕವಳಿದ್ದಾಗ ಅಜ್ಜಿ ಅವಳ ಎಡಗೈಗೆ ಬಟ್ಟೆ ಸುತ್ತಿ ಕಟ್ಟಿ ಬಲಗೈಯಲ್ಲಿ ಉಣ್ಣುವುದನ್ನು ಕಲಿಸಿದ್ದಳು. ಊಟ ಬಲಗೈಗೆ ಬಂತು, ಮಿಕ್ಕದ್ದೆಲ್ಲ ಎಡಗೈಯಲ್ಲೇ ಉಳಿಯಿತು. ಹೀಗಾಗಿ ಅವಳ ಹೊಸೆತ ಬೀದಿಯವರೆಲ್ಲರ ಹೊಸೆತಕ್ಕೆ ಉಲ್ಟಾ. ಉಳಿದವರದು ಒಂದು ಕಡೆ ಸುತ್ತಿಕೊಂಡರೆ ಇವಳದು ಇನ್ನೊಂದು ಕಡೆ. ಕಣ್ಣಿಗೆ ಕಾಣುವುದು ಕಷ್ಟ, ಆದರೆ ನೇಯುವವನ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ‘ಇದು ಎಡಚಿ ಹಾಕಿದ್ದು, ಅಲ್ಲಾಡಲ್ಲ’ ಎಂದು ಗಂಡಸರು ಹೇಳುತ್ತಿದ್ದರು. ಮುದುಕಿಯರು ಮಾತ್ರ ಮದುವೆ ಸೀರೆಗೂ ಹಬ್ಬದ ಸೀರೆಗೂ ಎಡಗೈ ತಾಗುವುದೇಕೆ ಎಂದು ಮೂಗು ಮುರಿಯುತ್ತಿದ್ದರು. ಕೆಲಸ ಗಟ್ಟಿಯಾಗಿದ್ದಷ್ಟು ದಿನ ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪಳನಿಯಮ್ಮನಿಗೆ ತಿರುಪ್ಪೂರಿನಲ್ಲೊಬ್ಬ ಮಗಳಿದ್ದಳು. ಬಂದಾಗಲೆಲ್ಲ ಅವಳದು ಒಂದೇ ರಾಗ. “ಬನಿಯನ್ ಕಂಪೆನೀಲಿ ಹೆಣ್‌ಮಕ್ಳಿಗೆ ಬೇಕಾದಷ್ಟು ಕೆಲ್ಸ ಐತಮ್ಮಾ. ಇವಳನ್ನ ನನ್ ಜೊತೆ ಕಳ್ಸು.” ಅಜ್ಜಿಯ ಉತ್ತರವೂ ಒಂದೇ. “ಬೀದಿ ಕರೆಯೋ ತನ್ಕ ಇಲ್ಲೇ ಇರ್ಲಿ. ಕರೆಯೋದ್ ನಿಂತ ದಿನ ಕಳಿಸ್ತೀನಿ.” ಶಿವಗಾಮಿಗೆ ತಿರುಪ್ಪೂರು ಬೇಡವಾಗಿತ್ತು. ಅತ್ತೆಯ ಮನೆ ಒಂದೇ ಕೋಣೆ, ಕಾಲು ಚಾಚಲು ಜಾಗವಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಕೆಮ್ಮುವ ಅಜ್ಜಿಯೂ ಇಲ್ಲ, ಮರಗತಳೂ ಇಲ್ಲ.

ಮರಗತ ಅಂದರೆ ದೊರೈಸಾಮಿಯ ಎರಡನೆಯ ಮಗಳು, ಶಿವಗಾಮಿಯ ಜೋಡಿ. ಸೂಲೂರಿನ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಳು. ರಜೆ ಸಿಕ್ಕಿತೆಂದರೆ ಪುಸ್ತಕ ಮೂಲೆಗೆ, ಹುಡುಗಿ ಪಾವಿನ ಅಂಚಿಗೆ. ಕೈಗಿಂತ ಬಾಯಿ ಜೋರು. ಟೀಚರ್ ಹೇಗೆ ಸೀನುತ್ತಾರೆ, ಬಸ್ಸಿನ ಕಂಡಕ್ಟರ್ ಹೇಗೆ ಸೀಟಿ ಊದುತ್ತಾನೆ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದಳು. ಶಿವಗಾಮಿ ನಗುವುದೇ ಆ ರಜೆಗಳಲ್ಲಿ. ಆ ವರ್ಷ ಮಳೆಯ ರಜೆ, ಅದರ ಬೆನ್ನಿಗೇ ಹಬ್ಬದ ರಜೆ, ಜೋಡಿಗೆ ಒಳ್ಳೆ ಯೋಗ ಕೂಡಿಬಂದಿತ್ತು.

ದೊರೈಸಾಮಿಯ ಮನೆಗೆ ಆ ಸಲ ಬೇರೆಯದೇ ಅವಸರ. ಹಿರಿಯ ಮಗಳು ವಸಂತಾಮಣಿಗೆ ಮದುವೆಯಾದ ಮೇಲಿನ ಮೊದಲ ದೀಪಾವಳಿ, ತಲೆದೀಪಾವಳಿ. ಅಳಿಯ ದಂಡಪಾಣಿ ಕೊಯಮತ್ತೂರಿನ ಗಣಪತಿ ಬಡಾವಣೆಯ ಒಂದು ಪಂಪ್ ವರ್ಕ್‌ಷಾಪಿನಲ್ಲಿ ಲೇತ್ ಹಿಡಿಯುವವನು. ಮಗಳು, ಅಳಿಯ ಹಬ್ಬದ ಹಿಂದಿನ ದಿನ ಬರುತ್ತಾರೆ. ಹಬ್ಬದ ಬೆಳಗ್ಗೆ ಎಣ್ಣೆ ನೀರು ಹಾಕಿಕೊಂಡು ಮಗಳು ಉಡುವ ಸೀರೆ ಅಪ್ಪ ತನ್ನ ಕೈಯಾರೆ, ತನ್ನ ಮಗ್ಗದಲ್ಲೇ ನೇಯ್ದದ್ದಾಗಿರಬೇಕು. ನೇಕಾರ ಅಂಗಡಿಯಿಂದ ಸೀರೆ ತಂದು ಕೊಟ್ಟರೆ ಬೀದಿಯಲ್ಲಿ ತಲೆ ಎತ್ತಲಾದೀತೇ? ಮಳೆಯಿಂದ ತಡವಾದ ಪಾವು ಅಂತೂ ಒಣಗಿ ಮನೆಯೊಳಗೆ ಬಂತು. ದೊರೈಸಾಮಿ ತಾನೇ ಬಂದು ಶಿವಗಾಮಿಯನ್ನು ಕರೆದ.

“ಅಮ್ಮಣೀ, ಸಾಯಂಕಾಲದೊಳ್ಗೆ ಹೊಸೆದ್ ಮುಗಿಸ್ಬೇಕು. ನಾಳೆ ಬೆಳಗ್ಗೆ ನಾನ್ ಮಗ್ಗಕ್ಕಿಳೀಬೇಕು.”

“ಆಯ್ತು ದೊಡ್ಡಪ್ಪ,” ಎಂದಳು ಶಿವಗಾಮಿ. ಬೇರೆ ಏನು ಹೇಳಿಯಾಳು? ಆ ಹೊತ್ತಿಗಾಗಲೇ ಅವಳು ಬೆಳಗಿನಿಂದ ಎದುರು ಮನೆಯಲ್ಲಿ ಒಂದು ಪಾವು ಮುಗಿಸಿದ್ದಳು. ಹಿಂದಿನ ದಿನವೂ ಹಾಗೇ, ಅದರ ಹಿಂದಿನ ದಿನವೂ ಹಾಗೇ. ಬೆರಳ ತುದಿ ಬೂದಿಗೆ ಬಿರಿದಿತ್ತು. ಕುತ್ತಿಗೆ ತಿರುಗಿಸಿದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಮಧ್ಯಾಹ್ನದ ಊಟ ಅಲ್ಲೇ ಆಯಿತು. ಮರಗತಳ ತಾಯಿ ತಂಗಮ್ಮ ಬಿಸಿ ಅನ್ನ, ಹುರುಳಿಯ ಕೊಳ್ಳು ರಸ ಹಾಕಿದಳು. ಅದೇ ತಪ್ಪಾಯಿತೋ ಏನೋ. ಹೊಟ್ಟೆ ತುಂಬಿದ ಮೇಲೆ ಶಿವಗಾಮಿಯ ಕಣ್ಣು ತನ್ನಷ್ಟಕ್ಕೆ ಮುಚ್ಚತೊಡಗಿತು. ಒಂದು ಎಳೆ ಹೊಸೆಯುವಳು, ತೂಕಡಿಸುವಳು. ಇನ್ನೊಂದು ಹೊಸೆಯುವಳು, ತಲೆ ಪಾವಿನ ಮೇಲೇ ವಾಲುವುದು. ತಂಗಮ್ಮ ಹಿತ್ತಲಿನಲ್ಲಿ ಮುರುಕಿಗೆ ಹಿಟ್ಟು ಕುಟ್ಟುತ್ತಿದ್ದಳು. ದೊರೈಸಾಮಿ ಜರಿ ತರಲು ಸೂಲೂರಿಗೆ ಹೋಗಿದ್ದ.

“ಏ ಪುಳ್ಳೆ, ಸ್ವಲ್ಪ ಒರಗು,” ಎಂದಳು ಮರಗತ. “ನಿನ್ ಮುಖ ನೋಡಕ್ಕಾಗ್ತಿಲ್ಲೆ.”

“ಒರಗಿದ್ರೆ ಇದ್ಯಾರ್ ಮಾಡ್ತಾರೆ, ನಿಮ್ ಟೀಚರಾ?”

“ಒಂದ್ ಚಣ ಅಷ್ಟೆ. ನಾನ್ ಎಬ್ಬಿಸ್ತೀನಿ.”

ಶಿವಗಾಮಿ ಗೋಡೆಗೆ ಒರಗಿದಳು. ಒಂದು ಕ್ಷಣವೆಂದು ಮುಚ್ಚಿದ ಕಣ್ಣು ತೆರೆದಾಗ ಕಿಟಕಿಯ ಬಿಸಿಲು ಎದುರು ಗೋಡೆಯನ್ನು ಹತ್ತಿಬಿಟ್ಟಿತ್ತು. ನೋಡಿದರೆ ಪಾವು ಮುಗಿದಿದೆ! ಅವಳ ಅಂಚಿನಿಂದ ನಡುವಿನವರೆಗೂ ಎಳೆಗಳು ಸಾಲಾಗಿ ಸೇರಿಕೊಂಡು ಕೂತಿವೆ. ಮರಗತ ಬೂದಿ ಮೆತ್ತಿದ ಕೈ ಸೊಂಟಕ್ಕಿಟ್ಟುಕೊಂಡು ನಿಂತಿದ್ದಾಳೆ, ಮುಖದ ತುಂಬ ನಗು.

“ಯಾಕ್ ಎಬ್ಬಿಸ್ಲಿಲ್ಲ?”

“ಎಬ್ಬಿಸಕ್ ಮನ್ಸ್ ಬರ್ಲಿಲ್ಲೆ. ನಿನ್ನದನ್ನೂ ನಾನೇ ಹಾಕ್ದೆ. ಯಾರಿಗೂ ಗೊತ್ತಾಗಲ್ಲ, ನೋಡು. ನಿನ್ನ ಥರಾನೇ ಉಲ್ಟಾ ಹೊಸ್ದೀನಿ.”

ಟೀಚರನ್ನೂ ಕಂಡಕ್ಟರನ್ನೂ ಅಣಕಿಸುವವಳು ಶಿವಗಾಮಿಯ ಎಡಗೈಯನ್ನೂ ಅಣಕಿಸಿಬಿಟ್ಟಿದ್ದಳು. ಶಿವಗಾಮಿ ಒಂದು ಎಳೆಯನ್ನು ಮುಟ್ಟಿ ನೋಡಬೇಕಿತ್ತು. ಎಳೆದು ನೋಡಬೇಕಿತ್ತು. ನೋಡಲಿಲ್ಲ. ಇನ್ನೊಂದು ಮನೆಯಿಂದ ಆಗಲೇ ಕರೆ ಬಂದಿತ್ತು, ನಿದ್ದೆ ಕಳೆದ ಮೈ ಇನ್ನೂ ಭಾರವಾಗಿತ್ತು, ಗೆಳತಿಯ ಮೇಲೆ ಪ್ರೀತಿ ಉಕ್ಕಿತ್ತು. ಮರಗತಳ ಕೆನ್ನೆ ಹಿಂಡಿ, ಬೂದಿ ಮೆತ್ತಿ, ಹೊರಟಳು.

ಮಾರನೆಯ ಬೆಳಗ್ಗೆ ದೊರೈಸಾಮಿ ಹೊಸ ಪಾವನ್ನು ಮೆಲ್ಲಗೆ ಮುಂದಕ್ಕೆಳೆದ. ಹೊಸೆದ ಜಾಗಗಳು ಹಣಿಗೆಯೊಳಗೆ ತೂರಬೇಕು, ಅದೇ ಪರೀಕ್ಷೆ. ಒಂದು ಕಡೆಯದೆಲ್ಲ ಸರಾಗ ತೂರಿತು. ಇನ್ನೊಂದು ಕಡೆ ಒಂದು ಎಳೆ ಜಾರಿತು. ಪಕ್ಕದ್ದು ಜಾರಿತು. ಆಮೇಲೆ ಜಡೆ ಬಿಚ್ಚಿದ ಹಾಗೆ ಎಳೆಗಳೆಲ್ಲ ಸಡಿಲಾಗಿ, ಒಂದಕ್ಕೊಂದು ಸಿಕ್ಕಿಕೊಂಡು, ಅರ್ಧ ಪಾವು ಮುದ್ದೆಯಾಗಿ ಬಿತ್ತು.

ದೊರೈಸಾಮಿ ಕೂಗಿದ ಕೂಗಿಗೆ ಅಕ್ಕಪಕ್ಕದ ಮಗ್ಗಗಳು ನಿಂತವು. ಶಿವಗಾಮಿ ಓಡಿ ಬರುವ ಹೊತ್ತಿಗೆ ಮನೆಯೊಳಗೆ ಹೆಂಗಸರು ಸೇರಿದ್ದರು. ಅವನು ಜಾರದೆ ಉಳಿದಿದ್ದ ಒಂದು ತುದಿಯನ್ನು ಬೆರಳಲ್ಲಿ ಉರುಳಿಸಿ ಅವಳ ಮುಂದೆ ಹಿಡಿದ.

“ನೋಡು. ಇದ್ಯಾರ್ ಹೊಸೆತ?”

ಹೊಸೆತ ಎಡಕ್ಕೆ ಸುತ್ತಿಕೊಂಡಿತ್ತು. ಬೀದಿಯಲ್ಲಿ ಹಾಗೆ ಹೊಸೆಯುವವಳು ಒಬ್ಬಳೇ. ಶಿವಗಾಮಿ ತಲೆ ಎತ್ತಿ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಮರಗತ ಅಲ್ಲಿ ನಿಂತಿದ್ದಳು, ಮುಖದಲ್ಲಿ ರಕ್ತವೇ ಇರಲಿಲ್ಲ. ಈಗ ಹೇಳುತ್ತಾಳೆ ಎಂದುಕೊಂಡಳು ಶಿವಗಾಮಿ. ಈಗ. ಮರಗತ ತುಟಿ ತೆರೆದಳು. ಅಪ್ಪನ ಮುಖ ನೋಡಿದಳು. ತುಟಿ ಮುಚ್ಚಿಕೊಂಡಳು.

“ಯಾರ್ದು ಅಂತ ಕೇಳ್ದೆ!”

“ನಂದೇ ದೊಡ್ಡಪ್ಪ,” ಎಂದಳು ಶಿವಗಾಮಿ. “ಕೈ ಸೋತಿತ್ತು.”

“ಕೈ ಸೋತಿದ್ರೆ ಹೇಳ್ಬೇಕು. ಮಗಳ್ ತಲೆದೀಪಾವಳಿ ಸೀರೆ ಇದು! ಎಡಗೈ ಬೇಡ ಬೇಡ ಅಂತ ಎಲ್ರೂ ಹೇಳಿದ್ರು, ನಾನೇ ಕೇಳ್ಲಿಲ್ಲೆ. ಹೋಗು. ಇನ್ಮೇಲೆ ನಮ್ಮನೆ ಪಾವ್ ಮುಟ್ಬೇಡ.”

ಅವಳು ಹೊರಗೆ ಬಂದಳು. ಬೈಗುಳವೇನು, ಬೀದಿಯಲ್ಲಿ ದಿನಕ್ಕೆ ನಾಲ್ಕು ಸಲ ಯಾರಾದರೂ ಯಾರನ್ನಾದರೂ ಬೈಯುತ್ತಲೇ ಇರುತ್ತಾರೆ. ಅವಳ ಹೊಟ್ಟೆ ಉರಿದದ್ದು ಆ ಮುಚ್ಚಿಕೊಂಡ ತುಟಿಗೆ. ಊರನ್ನೆಲ್ಲ ಅಣಕಿಸುವ ಬಾಯಿ, ಒಂದು ಮಾತು ಬೇಕಾದಾಗ ಎಲ್ಲಿ ಹೋಯಿತು? ಕೋಪದಲ್ಲಿ ಅಳು ಬಂತು, ಅಳುವುದಕ್ಕೂ ಸುಸ್ತಾಗಿ ಮನೆಯ ಮೆಟ್ಟಿಲ ಮೇಲೆ ಸುಮ್ಮನೆ ಕೂತಳು.

ಮುಂದಿನದು ಊಹಿಸಬಹುದು. ದೊರೈಸಾಮಿಯ ಮನೆಯಲ್ಲಿ ತಂಗಮ್ಮನೂ ಮರಗತಳೂ ಕೂತು ಜಾರಿದ್ದನ್ನೆಲ್ಲ ಮತ್ತೆ ಹೊಸೆದರು. ದೊರೈಸಾಮಿ ಊಟ ಬಿಟ್ಟು ನೇಯ್ದು ಸೀರೆಯನ್ನು ಅಂತೂ ಹಬ್ಬದ ಹಿಂದಿನ ದಿನ ಮಗ್ಗದಿಂದ ಇಳಿಸಿದ. ಅಷ್ಟರಲ್ಲಿ ಸುದ್ದಿ ಮನೆಮನೆ ಸುತ್ತಿತ್ತು. ಕೈಗಳಿಗೆ ಅಷ್ಟು ಬರ ಇರುವಾಗಲೂ ‘ಶಿವಗಾಮಿ ಎಲ್ಲಿ’ ಎಂದು ಯಾರೂ ಕೂಗಲಿಲ್ಲ. ಇಷ್ಟು ದಿನ ನಿದ್ದೆಗಾಗಿ ಹಂಬಲಿಸಿದ ಹುಡುಗಿಗೆ ಈಗ ಮಲಗಲು ಬೇಕಾದಷ್ಟು ಹೊತ್ತಿತ್ತು. ಕಣ್ಣು ಮಾತ್ರ ಮುಚ್ಚಲಿಲ್ಲ.

ಪಳನಿಯಮ್ಮ ಏನೂ ಕೇಳಲಿಲ್ಲ. ಅವಳಿಗೂ ವಯಸ್ಸಾಗಿತ್ತು, ಜಗಳಕ್ಕೆ ಶಕ್ತಿ ಇರಲಿಲ್ಲ. ಬಟ್ಟೆಯ ಚೀಲವೊಂದನ್ನು ಕೊಡವಿ, ಅದರಲ್ಲಿ ಮೊಮ್ಮಗಳ ಎರಡು ಲಂಗ, ಒಂದು ದಾವಣಿ ಮಡಚಿಟ್ಟಳು.

“ಬೀದಿ ಕರೆಯೋದ್ ನಿಂತ್ಹೋಯ್ತು ಅಮ್ಮಣಿ,” ಎಂದಳು. “ಹಬ್ಬದ್ ಮಾರನೇ ದಿನ ಬೆಳಗ್ಗೆ ಬಸ್ಸಿಗೆ ಹೋಗೋಣ. ನಾನೇ ಬಿಟ್ಟ್ ಬರ್ತೀನಿ.”

ಶಿವಗಾಮಿ ಹೂಂ ಎಂದಳು. ನಿಜ ಹೇಳಿದರೆ ಚೀಲ ಬಿಚ್ಚಬಹುದಿತ್ತು. ಆದರೆ ಹೇಳಿದರೆ ಮರಗತಳಿಗೆ ಅಪ್ಪನ ಏಟು, ಅಕ್ಕನ ಮೊದಲ ಹಬ್ಬದ ದಿನವೇ ಮನೆಯಲ್ಲಿ ರಂಪ. ನಿದ್ದೆ ಮಾಡಿದವಳು ತಾನು ತಾನೇ? ತನಗೋಸ್ಕರ ಬೆರಳು ಒಡೆದುಕೊಂಡವಳನ್ನು ತಾನೇ ಹಿಡಿದುಕೊಡುವುದೇ? ಹೀಗೆ ಯೋಚಿಸುವಳು, ಮರುಗಳಿಗೆಗೇ ಆ ಮುಚ್ಚಿದ ತುಟಿ ನೆನಪಾಗಿ ಮೈಯೆಲ್ಲ ಉರಿಯುವುದು.

ದೀಪಾವಳಿಯ ಬೆಳಗ್ಗೆ ಬೀದಿಯಲ್ಲಿ ಪಟಾಕಿಯ ಹೊಗೆ ಇನ್ನೂ ತಂಪು ಗಾಳಿಯಲ್ಲಿ ತೂಗುತ್ತಿರುವಾಗ ಮರಗತ ಬಂದಳು. ತಲೆಯಲ್ಲಿ ಎಣ್ಣೆ ಹಾಗೇ ಇತ್ತು, ಇನ್ನೂ ಮಿಂದಿರಲಿಲ್ಲ. ಕೈಯಲ್ಲಿ ಅದಿರಸ, ಮುರುಕಿನ ತಟ್ಟೆ. ಶಿವಗಾಮಿ ಒಲೆಯ ಮುಂದಿನಿಂದ ಏಳಲಿಲ್ಲ. ಪಳನಿಯಮ್ಮ ತಟ್ಟೆ ಇಸಿದುಕೊಂಡಳು. ಹುಡುಗಿ ಹೋಗಲಿಲ್ಲ. ಬಾಗಿಲ ಕಂಬ ಹಿಡಿದುಕೊಂಡು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಶಿವಗಾಮಿ ನಿದ್ದೆ ಹೋದದ್ದು, ತಾನು ಎಬ್ಬಿಸದೆ ಇದ್ದದ್ದು, ಉಲ್ಟಾ ಹೊಸೆದದ್ದು, ಅಪ್ಪ ಕೇಳಿದಾಗ ಬಾಯಿ ಕಟ್ಟಿಹೋದದ್ದು.

“ನಂದೇ ತಪ್ಪಜ್ಜಿ. ಅವಳದೇನೂ ಇಲ್ಲೆ.”

ಪಳನಿಯಮ್ಮ ತಟ್ಟೆಯನ್ನು ಕೆಳಗಿಟ್ಟಳು.

“ನಂಗ್ಯಾಕ್ ಹೇಳ್ತೀಯ? ನಾನ್ ಕೇಳಿದ್ನಾ? ಮಾತು ಬಿದ್ದಿದ್ದು ನಿಮ್ಮಪ್ಪನ್ ಮಗ್ಗದ್ ಹತ್ರ. ಎತ್ತೋದಾದ್ರೆ ಅಲ್ಲೇ ಎತ್ತು.”

“ಅಕ್ಕನ್ ಜೊತೆ ಮಾಪಿಳ್ಳೆ ಬಂದಿದಾರೆ ಅಜ್ಜಿ. ಅವ್ರ್ ಮುಂದೆ ಹೇಳಿದ್ರೆ ಅಪ್ಪನ್ ಮಾನ ಹೋಗ್ತದೆ. ಅವ್ರು ಹೋದ್ಮೇಲೆ...”

“ಅವ್ರ್ ಹೋಗೋದ್ರೊಳ್ಗೆ ಇವಳೂ ತಿರುಪ್ಪೂರಿಗೆ ಹೋಗಿರ್ತಾಳೆ. ಪರವಾಯಿಲ್ಲೆ ಬಿಡು. ಅದಿರಸ ಚೆನ್ನಾಗೈತೆ ಅಂತ ಅಮ್ಮಂಗೆ ಹೇಳು.”

ಮರಗತ ಶಿವಗಾಮಿಯ ಕಡೆ ನೋಡಿದಳು. ಶಿವಗಾಮಿ ಒಲೆ ಊದಿದಳು, ಉರಿಯುತ್ತಿದ್ದ ಒಲೆಯನ್ನೇ ಮತ್ತೆ ಊದಿದಳು. ಹುಡುಗಿ ಮೂಗು ಒರೆಸಿಕೊಂಡು ಹೋದಳು.

ಅವಳು ಹೋದದ್ದೇ ತಡ, ಅಜ್ಜಿ ಮೊಮ್ಮಗಳ ಮೇಲೆ ತಿರುಗಿಬಿದ್ದಳು. “ನೀನೇನ್ ದೊಡ್ ತ್ಯಾಗಿನಾ? ನಂದೇ ಕೈ ಅಂತ ಸುಳ್ಳ್ ಹೇಳಿ ಬಂದ್ಯಾ? ಆ ಕೈ ಕಟ್ಟಿ ಕಟ್ಟಿ ಬೆಳೆಸ್ದೋಳು ನಾನು. ಬೀದಿಯೋರೆಲ್ಲ ಅದನ್ನ ಬೈದ್ರು, ನಾನೂ ಮನಸ್ನಲ್ಲೇ ಬೈದೆ! ನಂಗಾದ್ರೂ ಹೇಳ್ಬಾರ್ದಿತ್ತಾ, ಪಾಪಿ?” ಹೇಳುತ್ತ ಹೇಳುತ್ತ ಕೆಮ್ಮು ಬಂತು. ಕೆಮ್ಮಿನ ನಡುವೆಯೇ ಅವಳ ಎಡಗೈಯನ್ನು ಎಳೆದುಕೊಂಡು, ಬಿರಿದ ಬೆರಳುಗಳಿಗೆ ತಲೆಯೆಣ್ಣೆ ಹಚ್ಚಿದಳು. ಶಿವಗಾಮಿ ಆಗ ಅತ್ತಳು.

ಆದರೂ ಚೀಲ ಬಿಚ್ಚಲಿಲ್ಲ. ಅಜ್ಜಿಯೇ ಬೀದಿಯಲ್ಲಿ ಹೇಳಿಕೊಂಡು ಬಂದರೆ ಯಾರು ನಂಬುತ್ತಾರೆ? ಮೊಮ್ಮಗಳ ಪರ ವಹಿಸಿ ಪಕ್ಕದ ಮನೆಯ ಮಗುವಿನ ಮೇಲೆ ಹಾಕಿದಳು ಎನ್ನುತ್ತಾರೆ. ಹೊಸೆತ ಎಡಕ್ಕಿತ್ತೆಂದು ಎಲ್ಲರೂ ಕಣ್ಣಾರೆ ಕಂಡಿದ್ದಾರೆ. ಹೇಳಬೇಕಾದವಳು ಒಬ್ಬಳೇ.

ಮಾರನೆಯ ಬೆಳಗ್ಗೆ ಇಬ್ಬರೂ ಹೊರಟರು. ಬಸ್ಸಿಗೆ ಹೋಗುವ ದಾರಿ ದೊರೈಸಾಮಿಯ ಮನೆಯ ಮುಂದೆಯೇ. ಜಗಲಿಯ ಮೇಲೆ ಅಳಿಯ ದಂಡಪಾಣಿ ಹೊಸ ಪಂಚೆ ಉಟ್ಟು ಕಾಫಿ ಕುಡಿಯುತ್ತ ಕೂತಿದ್ದ. ಪಕ್ಕದಲ್ಲಿ ದೊರೈಸಾಮಿ. ವಸಂತಾಮಣಿ ಅಪ್ಪ ನೇಯ್ದ ಸೀರೆಯನ್ನು ಮತ್ತೆ ಉಟ್ಟು, ನೋಡಲು ಬಂದ ಹೆಂಗಸರಿಗೆ ಸೆರಗು ಹರಡಿ ತೋರಿಸುತ್ತಿದ್ದಳು. ಶಿವಗಾಮಿ ಯಾರನ್ನೂ ನೋಡದೆ, ರಂಗೋಲಿ ತುಳಿಯದ ಹಾಗೆ ಬಗ್ಗಿ ನೋಡುತ್ತ ನಡೆದಳು. ಮನೆ ದಾಟಿಯಾಯಿತು. ಹೇಳಲಿಲ್ಲ, ಇನ್ನು ಹೇಳುವುದೂ ಇಲ್ಲ, ಎಂದುಕೊಂಡಳು.

ಹಿಂದಿನಿಂದ ಯಾರೋ ಚೀಲ ಹಿಡಿದು ಎಳೆದರು.

“ಹೋಗ್ಬೇಡ,” ಎಂದಳು ಮರಗತ. ಚೀಲವನ್ನು ಕಿತ್ತುಕೊಂಡು, ಅದನ್ನು ಎದೆಗವಚಿಕೊಂಡೇ ಜಗಲಿಯ ಮುಂದೆ ಹೋಗಿ ನಿಂತಳು. ದನಿ ಬೀದಿಯ ಆ ತುದಿಗೆ ಕೇಳುವಷ್ಟು ಜೋರು. “ಅಪ್ಪಾ, ಜಾರಿದ್ ಎಳೆ ಹೊಸ್ದೋಳು ನಾನು. ಶಿವಗಾಮಿ ನಿದ್ದೆ ಹೋಗಿದ್ಲು. ನಾನ್ ಅವಳ ಥರ ಉಲ್ಟಾ ಹೊಸ್ದೆ. ನೀನ್ ಕೇಳ್ದಾಗ ಹೆದ್ರಿ ಸುಮ್ನಾದೆ.”

ದಂಡಪಾಣಿಯ ಕಾಫಿ ಲೋಟ ಬಾಯಿಯ ಹತ್ತಿರ ನಿಂತಿತು. ಹೆಂಗಸರು ಸೆರಗು ಬಿಟ್ಟರು. ದೊರೈಸಾಮಿ ಎದ್ದ ರಭಸಕ್ಕೆ ಹೊಡೆದೇಬಿಡುತ್ತಾನೆ ಅನ್ನಿಸಿತು. ಹೊಡೆಯಲಿಲ್ಲ. ಒಳಗೆ ಹೋಗಿ ಹಿಡಿಯಷ್ಟು ನೂಲು ತಂದ.

“ಕೂತ್ಕೊ. ಹೊಸೆ.”

ಮರಗತ ಕೂತು, ಬಲಗೈ ಬೆರಳನ್ನು ಹಿಂದಕ್ಕೆ ಉರುಳಿಸಿ ಹೊಸೆದಳು. ನೋಡಲು ಶಿವಗಾಮಿಯದೇ ಹೊಸೆತ. ದೊರೈಸಾಮಿ ಎರಡು ತುದಿ ಹಿಡಿದು ಎಳೆದ. ಜಾರಿ ಬಂತು. ಇನ್ನೊಂದು ಹೊಸೆಯಿಸಿದ. ಅದೂ ಜಾರಿತು. ಆಮೇಲೆ ನೂಲನ್ನು ಶಿವಗಾಮಿಯ ಕಡೆ ಚಾಚಿದ. ಅವಳು ನಿಂತಲ್ಲೇ, ಬೂದಿಯೂ ಇಲ್ಲದೆ, ಎಡಗೈಯಲ್ಲಿ ಹೊಸೆದು ಕೊಟ್ಟಳು. ದೊರೈಸಾಮಿ ಎಳೆದ. ಇನ್ನೂ ಜೋರಾಗಿ ಎಳೆದ. ನೂಲು ಬೇರೊಂದು ಕಡೆ ತುಂಡಾಯಿತು, ಹೊಸೆದ ಜಾಗ ಹಾಗೇ ಇತ್ತು.

“ನೀನ್ಯಾಕೆ ನಂದು ಅಂದೆ?” ಎಂದು ಕೇಳಿದ ದೊರೈಸಾಮಿ.

“ನಿದ್ದೆ ನಂದು ತಾನೇ ದೊಡ್ಡಪ್ಪ,” ಎಂದಳು ಶಿವಗಾಮಿ.

ಅವನು ಆ ನೂಲಿನ ತುಂಡನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ, ಮತ್ತೆ ಸುತ್ತಿಕೊಂಡ. ಅಳಿಯನ ಮುಂದೆ, ಹೆಂಗಸರ ಮುಂದೆ, ಮಾತು ವಾಪಸ್ಸು ತೆಗೆದುಕೊಳ್ಳುವುದು ಗಂಡಸಿಗೆ ಸುಲಭವಲ್ಲ. ಪಳನಿಯಮ್ಮನೂ ಅಷ್ಟು ಸುಲಭಕ್ಕೆ ಬಿಡುವವಳಲ್ಲ. “ಎಡಗೈ ಅಂದ್ಯಲ್ಲ ದೊರೈಸಾಮಿ,” ಎಂದಳು, “ಅದನ್ನೂ ಈಗ್ಲೇ ಹೇಳ್ಬಿಡು, ಎಲ್ರೂ ಇದಾರೆ.”

ದಂಡಪಾಣಿ ಕಾಫಿ ಲೋಟ ಕೆಳಗಿಟ್ಟ. “ಮಾವ, ನಮ್ ವರ್ಕ್‌ಷಾಪ್‌ನಲ್ಲೂ ಒಬ್ಬ ಎಡಗೈಯವ್ನು ಇದಾನೆ. ಲೇತು ಇದುವರ್ಗೂ ಯಾವ್ ಕೈ ಅಂತ ಕೇಳಿಲ್ಲೆ,” ಎಂದ. ವಸಂತಾಮಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ದೊರೈಸಾಮಿಗೂ ನಗು ಬಂತೋ ಏನೋ, ಮೀಸೆ ಅಲ್ಲಾಡಿತು.

“ತಪ್ಪಾಯ್ತಕ್ಕಾ,” ಎಂದ ಪಳನಿಯಮ್ಮನಿಗೆ. “ನಾಳೆ ನಮ್ಮನೇಗೆ ಹೊಸ ಪಾವು ಬರ್ತದೆ. ಮೊದಲ್ನೇ ಎಳೆ ಇವಳೇ ಹಾಕ್ಲಿ.” ಮಗಳ ಕಡೆ ತಿರುಗಿದಾಗ ನಗು ಇರಲಿಲ್ಲ. “ನೀನೂ ಕೂತ್ಕೋಬೇಕು. ನಿನ್ ಕೈಯಲ್ಲಿ, ನಿನ್ ಹೊಸೆತ. ಒಂದೊಂದನ್ನೂ ಎಳ್ದ್ ನೋಡ್ತೀನಿ.”

ಹೊಸ ಪಾವಿನ ಮೊದಲ ಎಳೆ ಸೇರಿಸುವವಳು ಆ ಮನೆಯ ಯಜಮಾನಿ. ಅದು ಬೀದಿಯ ಪದ್ಧತಿ. ಎಡಗೈಯವಳಿಗೆ ಆ ಎಳೆ ಕೊಟ್ಟದ್ದನ್ನು ಅಲ್ಲಿದ್ದವರು ಯಾರೂ ಅದುವರೆಗೆ ಕಂಡಿರಲಿಲ್ಲ. ಮುದುಕಿಯೊಬ್ಬಳು ಏನೋ ಗೊಣಗಿದಳು. ತಂಗಮ್ಮ ಅವಳ ಕೈಗೆ ಮುರುಕು ಕೊಟ್ಟು ಬಾಯಿ ಮುಚ್ಚಿಸಿದಳು.

ಚೀಲ ಮನೆಗೆ ವಾಪಸ್ಸು ಬಂತು. ಹಾಗೆಂದು ಶಿವಗಾಮಿಯ ಬದುಕು ಬದಲಾಗಿಬಿಟ್ಟಿತು ಎಂದರೆ ಸುಳ್ಳಾಗುತ್ತದೆ. ಒಂದು ಹಬ್ಬ ಮುಗಿದರೆ ನೇಕಾರರಿಗೆ ಇನ್ನೊಂದು ಹಬ್ಬ. ಪೊಂಗಲ್ಲಿನ ಸೀರೆಗಳು ಆಗಲೇ ಕಾದು ಕೂತಿದ್ದವು. ಮಾರನೆಯ ದಿನ ಬೆಳಗಿನಿಂದಲೇ ಬೀದಿ ಮತ್ತೆ ಕೂಗತೊಡಗಿತು, ‘ಶಿವಗಾಮಿ ಎಲ್ಲಿ?’ ಮತ್ತೆ ಅದೇ ಬೂದಿ, ಅದೇ ಕುತ್ತಿಗೆ.

ದೊರೈಸಾಮಿಯ ಮನೆಯ ಪಾವಿಗೆ ಅವಳು ಮೊದಲ ಎಳೆ ಹಾಕಿದಳು. ಆಚೆಯ ಅಂಚಿನಲ್ಲಿ ಮರಗತ ಕೂತಳು. ಟೀಚರ್ ಸೀನಲಿಲ್ಲ, ಕಂಡಕ್ಟರ್ ಸೀಟಿ ಊದಲಿಲ್ಲ. ಹೇಳಿದಳು ನಿಜ, ಆದರೆ ಅಷ್ಟು ದಿನ ಸುಮ್ಮನಿದ್ದಳಲ್ಲ ಎನ್ನುವುದು ಶಿವಗಾಮಿಯ ಎದೆಯಲ್ಲಿ ಇನ್ನೂ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಮಧ್ಯಾಹ್ನ ಅದೇ ತಂಗಮ್ಮ ಅದೇ ಬಿಸಿ ಅನ್ನ ಹಾಕಿದಳು. ಹಬ್ಬದ ದಿನಗಳಲ್ಲಿ ಬಾರದ ನಿದ್ದೆಯೆಲ್ಲ ಒಟ್ಟಿಗೆ ಬಂದು ಶಿವಗಾಮಿಯ ಕಣ್ಣ ಮೇಲೆ ಕೂತಿತು. ಒಂದು ಎಳೆ ಹೊಸೆದಳು, ತೂಕಡಿಸಿದಳು. ಇನ್ನೊಂದು ಹೊಸೆದಳು. ತಲೆ ವಾಲಿತು.

ತೊಡೆಗೆ ಯಾರೋ ಬಲವಾಗಿ ಚಿವುಟಿದರು. ಕಣ್ಣು ಬಿಟ್ಟರೆ ಮರಗತ ತನ್ನ ಅಂಚು ಬಿಟ್ಟು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಅವಳ ಕಣ್ಣೂ ನಿದ್ದೆಗೆಟ್ಟು ಕೆಂಪಾಗಿತ್ತು. ಒಂದು ಕೈಯಲ್ಲಿ ತಣ್ಣೀರಿನ ಚೊಂಬು, ಇನ್ನೊಂದರಲ್ಲಿ ಬೂದಿಯ ಚಿಪ್ಪು.

“ಏಳು ಪುಳ್ಳೆ,” ಎಂದಳು. “ನಿನ್ ಎಳೆ ನಾನ್ ಹಾಕಲ್ಲ.”

ಶಿವಗಾಮಿ ಚೊಂಬಿಗೆ ಕೈ ಹಾಕಿ ಮುಖಕ್ಕೆ ನೀರು ಎರಚಿಕೊಂಡಳು, ಉಳಿದದ್ದನ್ನು ಮರಗತಳ ಮುಖಕ್ಕೂ ಎರಚಿದಳು. ಆಮೇಲೆ ಬೂದಿಗೆ ಬೆರಳು ಮುಟ್ಟಿಸಿ, ಮುಂದಿನ ಎಳೆ ಎತ್ತಿಕೊಂಡಳು.